ಸ್ಪಿರಿಟ್ ಡಬ್ಬಿಯ ಪಕ್ಕದಲ್ಲಿ ಇಪ್ಪತ್ತಾರು ವರ್ಷ

ಕನ್ನಡಿ ಮೇಸ್ತ್ರಿ ತೀರಿಕೊಂಡು ಐದು ವಾರವಾಯಿತು. ಮಣ್ಣು ಮಾಡುವ ಮುಂಚೆ ಚರ್ಚಿನ ಸಭಾಪಾಲಕರು ಅವನ ಬಗ್ಗೆ ನಾಲ್ಕು ಮಾತಾಡುತ್ತ, ಕುಡಿತ ಬಿಟ್ಟ ದಿನದಿಂದ ನಮ್ಮ ಈ ಸಹೋದರನಿಗೆ ಅದರ ಆಸೆಯೇ ಹುಟ್ಟಲಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರು ಈ ಸಭೆಗೆ ಬಂದು ಮೂರು ವರ್ಷವಾಗಿದೆ ಅಷ್ಟೆ. ಆದರೆ ಅದು ನಿಜವಲ್ಲ. ಮೇಸ್ತ್ರಿ ಬದುಕಿದ್ದು ಕೇಳಿಸಿಕೊಂಡಿದ್ದರೆ ಅಲ್ಲೇ ಎದ್ದು ತಿದ್ದುತ್ತಿದ್ದ. ಹೊಗಳಿಕೆ ಅವನಿಗೆ ಬೇಡವಾಗಿತ್ತು ಎಂದಲ್ಲ. ಹೊಗಳಿಸಿಕೊಳ್ಳುವುದರಲ್ಲಿ ಅವನಿಗೆ ಕಿಂಚಿತ್ತೂ ಸಂಕೋಚವಿರಲಿಲ್ಲ. ಆದರೆ ಮಾಡಿದ ಕೆಲಸವನ್ನು ಮಾಡಿಲ್ಲ ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಸೆ ಹುಟ್ಟಲೇ ಇಲ್ಲ ಎಂದರೆ ಅವನ ಇಪ್ಪತ್ತಾರು ವರ್ಷದ ದುಡಿಮೆಯನ್ನೇ ಅಳಿಸಿಹಾಕಿದಂತೆ.

ಆಸೆ ದಿನವೂ ಹುಟ್ಟುತ್ತಿತ್ತು. ಅದನ್ನು ನಾನು ಬಲ್ಲೆ, ಅವನ ಹೆಂಡತಿ ಬಲ್ಲರು. ಆಕೆಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಸಮಾಧಿಯಿಂದ ಮನೆಗೆ ನಡೆಯುವಾಗ ಅತ್ತಿಗೆ ಒಂದು ಮಾತು ಹೇಳಿದರು: “ಅವರು ಪಟ್ಟ ಪಾಡನ್ನ ಯಾರೂ ಹೇಳಲಿಲ್ಲ. ನೀವಾದ್ರೂ ಬರೀರಿ.” ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಪೀಠೋಪಕರಣ ಕಾರ್ಖಾನೆಯಲ್ಲಿದ್ದವರು. ನಾನು ಮೇಜು, ಕುರ್ಚಿ, ಕಪಾಟುಗಳ ನಕ್ಷೆ ಬರೆಯುವವನು. ಅವನು ಅವುಗಳಿಗೆ ಕೊನೆಯಲ್ಲಿ ಪಾಲಿಶ್ ಹಾಕುವವನು. ಅವನು ಮುಗಿಸಿದ ಮೇಜಿನ ಮೇಲೆ ಬಗ್ಗಿ ಕ್ರಾಪು ಬಾಚಿಕೊಳ್ಳಬಹುದಿತ್ತು, ಅದಕ್ಕೇ ಕನ್ನಡಿ ಮೇಸ್ತ್ರಿ. ನಾನು ಊಟದ ಹೊತ್ತಿನಲ್ಲೂ ಪುಸ್ತಕ ಹಿಡಿದಿರುತ್ತಿದ್ದುದರಿಂದ ಅವನು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದ, ಮರ್ಯಾದೆಗಲ್ಲ, ಕೀಟಲೆಗೆ.

ಅವನ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಅವನ ಬದುಕು ಅರ್ಥವಾಗುವುದಿಲ್ಲ. ಹಳೆಯ ಪದ್ಧತಿಯ ಪಾಲಿಶ್ ಎಂದರೆ ಅರಗಿನ ತೆಳ್ಳನೆಯ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಹತ್ತಿಯ ಉಂಡೆಗೆ ಮೆತ್ತನೆ ಬಟ್ಟೆ ಸುತ್ತಿ, ಅದರಲ್ಲಿ ಅದ್ದಿ, ಮರದ ಮೇಲೆ ಸುತ್ತು ಸುತ್ತಾಗಿ ಉಜ್ಜಬೇಕು. ಒಂದು ಕೋಟ್ ಹಾಕಿ, ಒಣಗಲು ಬಿಟ್ಟು, ಮತ್ತೊಂದು. ಹೀಗೆ ಹತ್ತು, ಹನ್ನೆರಡು, ಒಳ್ಳೆಯ ಮೇಜಾದರೆ ಇಪ್ಪತ್ತು. ಧೂಳು ಕೂರಬಾರದೆಂದು ಕಿಟಕಿ ಮುಚ್ಚಿದ ಕೋಣೆ. ಮೂಲೆಯಲ್ಲಿ ಸ್ಪಿರಿಟ್ ಡಬ್ಬಿ. ಮೂಗು, ಬಾಯಿ, ಅಂಗಿ, ಕೂದಲು ಎಲ್ಲಕ್ಕೂ ಅದೇ ವಾಸನೆ. ಇಂಥ ಕೋಣೆಯಲ್ಲಿ ಒಬ್ಬ ಕುಡುಕನನ್ನು ಕೂರಿಸುವುದೆಂದರೆ ಬೆಕ್ಕನ್ನು ಹಾಲಿನ ಕಾವಲಿಗೆ ಬಿಟ್ಟ ಹಾಗೆ.

ಅವನು ಹನ್ನೆರಡು ವರ್ಷ ಕುಡಿದ. ಮೊದಲು ಅಂಗಡಿಯದು, ಆಮೇಲೆ ಡಬ್ಬಿಯದೇ. ಆ ಸ್ಪಿರಿಟ್ ಕುಡಿಯಲಿಕ್ಕಲ್ಲ. ಯಾರೂ ಕುಡಿಯಬಾರದೆಂದೇ ಅದರಲ್ಲಿ ವಿಷ ಬೆರೆಸಿ ಮಾರುತ್ತಾರೆ. ಅವನಿಗೆ ಅದು ಗೊತ್ತಿತ್ತು. ಒಂದು ಲೋಟ ತೆಗೆದರೆ ಒಂದು ಲೋಟ ನೀರು ಸುರಿದು ಡಬ್ಬಿಯ ಮಟ್ಟ ಸರಿಮಾಡುತ್ತಿದ್ದ. ನೀರು ಬೆರೆತ ಪಾಲಿಶ್ ಒಣಗುವಾಗ ಅದರ ಮೇಲೆ ಬಿಳಿ ಮಬ್ಬು ಏಳುತ್ತದೆ, ಚಳಿಗಾಲದ ಕಿಟಕಿಗಾಜಿನ ಮೇಲೆ ಉಸಿರು ಬಿಟ್ಟಂತೆ. ಒಮ್ಮೆ ಒಂದು ದೊಡ್ಡ ಕಪಾಟು ಪೂರ್ತಿ ಹಾಗೆ ಬೆಳ್ಳಗಾಗಿ, ಅವನ ಗುಟ್ಟು ಇಡೀ ಕಾರ್ಖಾನೆಗೆ ತಿಳಿಯಿತು. ಯಜಮಾನರು ಬೈದರು. ಆದರೆ ಅವನಂಥ ಕೈ ಇನ್ನೊಂದಿಲ್ಲದ್ದರಿಂದ ಇಟ್ಟುಕೊಂಡರು.

ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ಬೆಳಿಗ್ಗೆ ಎದ್ದವನಿಗೆ ಕಣ್ಣು ಕಾಣಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಕತ್ತಲಲ್ಲೇ ಮಲಗಿದ್ದ. ದೃಷ್ಟಿ ಬರಬಹುದು, ಬಾರದಿರಬಹುದು ಎಂದರು ವೈದ್ಯರು. ನಾನು ಪಕ್ಕದಲ್ಲಿ ಕೂತಿದ್ದೆ. ಏನು ಹೇಳಬೇಕೋ ತೋಚದೆ, ಅತ್ತಿಗೆ ತಂದಿಟ್ಟಿದ್ದ ಸತ್ಯವೇದವನ್ನು ತೆಗೆದು ಓದಿದೆ. ಅವನು ಹುಟ್ಟಾ ಕ್ರೈಸ್ತನೇ, ಆದರೆ ಅಲ್ಲಿಯವರೆಗೆ ಅವನಿಗೆ ಸಭೆಯೆಂದರೆ ಮದುವೆ ಮತ್ತು ಸಾವು. ಎರಡನೆಯ ದಿನ ಸಂಜೆ ಮಂಜು ಮಂಜಾಗಿ ಬೆಳಕು ಬಂತು. ಅವನು ಮೊದಲು ಆಡಿದ ಮಾತು ನನಗೆ ಇನ್ನೂ ನೆನಪಿದೆ: “ನೀನು ಓದಿದ್ಯಲ್ಲ, ದಾರೀಲಿ ಕಣ್ಣು ಹೋದ ಆ ಅಪೊಸ್ತಲ, ಅವನಿಗೆ ಮೂರು ದಿನ ಅಲ್ವಾ? ನಂಗೆ ಎರಡೇ. ದೇವರು ಒಂದು ದಿನ ರಿಯಾಯ್ತಿ ಕೊಟ್ಟಿದಾನೆ, ಬಾಕಿ ಕೆಲಸ ನಾನೇ ಮಾಡ್ಬೇಕೇನೋ.”

ಬಾಕಿ ಕೆಲಸ ದೊಡ್ಡದಿತ್ತು. ಆಗಿನ ಸಭಾಪಾಲಕರು ಒಬ್ಬ ವೃದ್ಧರು; ಆ ಕೋಣೆಗೆ ಮತ್ತೆ ಹೋಗಬೇಡ, ನಮ್ಮ ಶಾಲೆಯ ಗೇಟು ಕಾಯುವ ಕೆಲಸ ಕೊಡಿಸುತ್ತೇನೆ ಎಂದರು. ಬುದ್ಧಿವಂತರು ಯಾರಾದರೂ ಅದನ್ನೇ ಹೇಳುತ್ತಾರೆ. ನಾನೂ ಹೇಳಿದೆ. ಅವನು ಒಪ್ಪಲಿಲ್ಲ. ಗೇಟಿನಲ್ಲಿ ಕೂತವನಿಗೆ ದಿನವಿಡೀ ಬೇರೇನು ಕೆಲಸ, ಡಬ್ಬಿಯನ್ನೇ ನೆನೆಸಿಕೊಂಡು ಕೂರುತ್ತೇನೆ ಎಂದ. ತನಗೆ ಬರುವ ಕಸುಬು ಒಂದೇ, ದೇವರು ಕೈಗೆ ಕೊಟ್ಟಿರುವುದೂ ಅದೊಂದೇ, ಸೈತಾನನಿಗೆ ಹೆದರಿ ಅದನ್ನು ಅವನಿಗೇ ಬಿಟ್ಟುಕೊಡುವುದು ಯಾವ ನ್ಯಾಯ ಎಂದು ಕೇಳಿದ. ಇದನ್ನು ನಾನು ಯಾರಿಗೂ ಮಾದರಿಯಾಗಿ ಹೇಳುತ್ತಿಲ್ಲ. ಓಡಿಹೋಗಬೇಕಾದ ಕಡೆ ಓಡಿಹೋಗುವುದೂ ನಂಬಿಕೆಯೇ. ಇವನು ಹಾಗೆ ಮಾಡಲಿಲ್ಲ ಅಷ್ಟೆ.

ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅವನಿಗೆ ಒಂದು ಸಂಗತಿ ಹೊಳೆಯಿತು. ಉಜ್ಜುವಾಗ ಅಪಾಯವಿಲ್ಲ, ಕೈಗೆ, ಕಣ್ಣಿಗೆ ಕೆಲಸವಿರುತ್ತದೆ. ಅಪಾಯ ಇರುವುದು ಒಂದು ಕೋಟ್ ಒಣಗುವವರೆಗಿನ ಹೊತ್ತಿನಲ್ಲಿ. ಆಗ ಕೈ ಖಾಲಿ, ಬಾಯಿ ಖಾಲಿ, ಡಬ್ಬಿ ಮಾತ್ರ ತುಂಬಿದೆ. ಅವನು ಅಷ್ಟೂ ವರ್ಷ ಕುಡಿದದ್ದು ಆ ಬಿಡುವುಗಳಲ್ಲೇ. ಆ ಬಿಡುವುಗಳನ್ನು ತುಂಬಲು ಏನಾದರೂ ಬೇಕಿತ್ತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ನನ್ನ ಎದುರು ಕೂತ. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಪಾಲಿಶ್ ಒಣಗಿ ಬಿರುಕು ಬಿಟ್ಟಿರುತ್ತದೆ, ನೀನು ಓದು, ನಾನು ಬಾಯಿಪಾಠ ಮಾಡುತ್ತೇನೆ ಎಂದ.

ಹಾಗೆ ಶುರುವಾಯಿತು. ದಿನಾ ಊಟದ ಹೊತ್ತಿನಲ್ಲಿ ನಾನು ಸತ್ಯವೇದದ ಒಂದು ಕೀರ್ತನೆಯನ್ನು ಐದು ಸಲ ಓದುತ್ತಿದ್ದೆ. ಅವನು ಅಗಿಯುತ್ತ ಕೇಳುತ್ತಿದ್ದ. ಮಧ್ಯಾಹ್ನ ಕೋಣೆಯ ಬಾಗಿಲ ಹಿಂದಿನಿಂದ ಅದು ಕೇಳಿಬರುತ್ತಿತ್ತು, ಅರ್ಧ ಸರಿ, ಅರ್ಧ ಅವನದೇ. ವಾರದಲ್ಲಿ ಪೂರ್ತಿ ಸರಿಯಾಗುತ್ತಿತ್ತು. ಮೊದಲ ಕೋಟ್ ಬೇಗ ಒಣಗುತ್ತದೆ, ಅದಕ್ಕೆ ಚಿಕ್ಕ ಕೀರ್ತನೆ. ಮೇಲಿನ ಕೋಟ್‌ಗಳಿಗೆ ಉದ್ದನೆಯವು. ಕ್ರಮೇಣ ಅದು ಅವನಿಗೆ ಗಡಿಯಾರವೇ ಆಯಿತು. ಗಿರಾಕಿಗಳು ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದರೆ, ಇನ್ನು ಎರಡು ಕೀರ್ತನೆ ಕಾಯಿರಿ ಎನ್ನುತ್ತಿದ್ದ. ಕಾರ್ಖಾನೆಯ ಹಿರಿಬಡಗಿಗೆ ಇದು ಒಳ್ಳೆಯ ತಮಾಷೆ. ಅವನ ನಾಲಿಗೆ ಅವನ ಉಳಿಗಿಂತ ಹರಿತ. ಮೇಸ್ತ್ರಿ ಒಳಗೆ ಕುರ್ಚಿಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದಾನೆ, ಆಮೇಲೆ ಅವು ಯಾರನ್ನೂ ಕೂರಿಸಿಕೊಳ್ಳುವುದಿಲ್ಲ, ಎದ್ದು ನಿಂತು ಹಾಡುತ್ತವೆ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದ.

ಆಸೆ ಬಂದಾಗ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದ್ದೆ. ಸೈತಾನ ಆಮಿಷ ಒಡ್ಡಿದಾಗ ಅಡವಿಯಲ್ಲಿ ಯೇಸು ಮಾಡಿದ್ದನ್ನೇ ಎಂದ. ಅಲ್ಲಿ ಸೈತಾನ ಎಷ್ಟು ಮಾತಾಡುತ್ತಾನೆ, ಕರ್ತನು ಎಷ್ಟು ಮಾತಾಡುತ್ತಾನೆ ಎಂದು ನೋಡಿದ್ದೀಯಾ? ಕರ್ತನದು ಪ್ರತಿ ಸಲವೂ ಒಂದೇ ಮಾತು, ಅದೂ ಬರೆದಿಟ್ಟ ವಾಕ್ಯ, ತನ್ನದೇನೂ ಸೇರಿಸಲಿಲ್ಲ. “ಅವನ ಜೊತೆ ವಾದಕ್ಕೆ ಕೂತ್ಕೊಂಡ್ಯೋ, ಅವನು ಟೀ ತರಿಸ್ತಾನೆ. ಎದ್ದು ಹೋಗೋಕೇ ಬಿಡಲ್ಲ. ಒಂದು ಮಾತು ಹೇಳಿ ಮುಚ್ಚಳ ಹಾಕ್ಬೇಕು.” ನಾನು ಶೋಧನೆಯ ಬಗ್ಗೆ, ಅಂದರೆ ಇಂಥ ಆಮಿಷದ ಬಗ್ಗೆ, ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಇದಕ್ಕಿಂತ ಹೆಚ್ಚಿನದೇನನ್ನೂ ಅವುಗಳಲ್ಲಿ ಕಂಡಂತಿಲ್ಲ.

ಅವನು ಸಂತನೇನಲ್ಲ. ಮುಂಗೋಪಿ. ಚದುರಂಗದಲ್ಲಿ ಸೋಲುವಂತಾದರೆ ಮೊಣಕೈ ತಾಗಿಸಿ ಕಾಯಿ ಬೀಳಿಸುತ್ತಿದ್ದ. ಬೇರೆಯವರ ಪಾಲಿಶ್ ನೋಡಿದರೆ ಮೂಗು ಮುರಿಯುತ್ತಿದ್ದ. ಮಗಳ ಮದುವೆಯಲ್ಲಿ ಬೀಗರ ಮನೆಯ ಬೆಂಚಿನ ಮೇಲೆ ಉಗುರಿನಿಂದ ಗೀರಿ, ಇದು ಬರೀ ವಾರ್ನಿಷು ಎಂದು ಎಲ್ಲರೆದುರು ಹೇಳಿ ಅತ್ತಿಗೆಯಿಂದ ಬೈಸಿಕೊಂಡ. ಆದರೆ ಹನ್ನೊಂದು ವರ್ಷ ಅವನು ಒಂದು ಹನಿಯನ್ನೂ ಮುಟ್ಟಿರಲಿಲ್ಲ.

ಹನ್ನೊಂದನೆಯ ವರ್ಷದಲ್ಲಿ ಆ ಗ್ರಂಥಾಲಯದ ಕೆಲಸ ಬಂತು. ಹೊಸ ಕಟ್ಟಡ, ಓದುಗರಿಗಾಗಿ ಆರು ಉದ್ದನೆಯ ಮೇಜುಗಳು. ನಕ್ಷೆ ನನ್ನದು. ಅಂಥ ದೊಡ್ಡ ಹಲಗೆಗಳು ಅವನ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹಬ್ಬದ ಬಟ್ಟೆ ತೊಟ್ಟ ಮಗುವಿನಂತಿದ್ದ. ಮೂರು ಮೇಜುಗಳಿಗೆ ಎಂಟು ಕೋಟ್ ಆಗಿತ್ತು. ಗುರುವಾರ ಬೆಳಿಗ್ಗೆ ನಾವೆಲ್ಲ ಬಾಗಿಲು ತೆಗೆದು ನೋಡಿದರೆ ಮೂರೂ ಮೇಜುಗಳ ಮೇಲೆ ಬಿಳಿ ಮಬ್ಬು.

ಆ ಮಬ್ಬಿನ ಅರ್ಥ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿರಿಬಡಗಿ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ, “ಹಳೇ ನೆಂಟ ಮತ್ತೆ ಬಂದಂಗಿದೆ” ಎಂದ. ಅಷ್ಟೆ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು.

ಅವನು ಮಾಡಬಹುದಾದದ್ದು ಏನಿತ್ತು ಯೋಚಿಸಿ. ಬೇರೆಯವನಾಗಿದ್ದರೆ ನನ್ನ ಬಾಯಿ ಮೂಸಿ ನೋಡಿ ಎನ್ನಬಹುದಿತ್ತು. ಇವನ ಬಾಯಿ, ಅಂಗಿ, ಚರ್ಮ ಹಗಲೆಲ್ಲ ಸ್ಪಿರಿಟ್ ನಾರುತ್ತಿತ್ತು. ಕುಡಿದರೂ ಅದೇ ವಾಸನೆ, ಕುಡಿಯದಿದ್ದರೂ ಅದೇ. ಕಣ್ಣು ಕೆಂಪಗಿದೆ ಎಂದರೆ ಆ ಕೋಣೆಯಲ್ಲಿ ಯಾರ ಕಣ್ಣು ಕೆಂಪಾಗುವುದಿಲ್ಲ? ಅವನ ನಿರಪರಾಧಿತ್ವಕ್ಕೆ ಲೋಕದಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ. ಡಬ್ಬಿಯಲ್ಲಿ ನೀರು ಬೆರೆತಿದೆ, ಹೊಸ ಡಬ್ಬಿ ಒಡೆದು ಕೊಡಿ ಎಂದು ಅವನು ಯಜಮಾನರನ್ನು ಕೇಳಿದ. ಕುಡುಕನೊಬ್ಬ ಇನ್ನೊಂದು ಡಬ್ಬಿ ಕೇಳಿದರೆ ಹೇಗೆ ಕೇಳಿಸುತ್ತದೋ ಹಾಗೇ ಅದು ಅವರಿಗೆ ಕೇಳಿಸಿತು. ಒಡೆದದ್ದು ಮುಗಿಯಲಿ ಎಂದರು. ಸಂಜೆ ನನ್ನನ್ನು ಕರೆದು ಸ್ಪಿರಿಟ್ ಇಡುವ ಕಪಾಟಿನ ಕೀಲಿಯನ್ನು ನನ್ನ ಕೈಗಿಟ್ಟರು. ನಾಳೆಯಿಂದ ಬೆಳಿಗ್ಗೆ ಅಳೆದು ಬಾಟಲಿಯಲ್ಲಿ ಕೊಡು, ಸಂಜೆ ಉಳಿದದ್ದನ್ನು ಅಳೆದು ವಾಪಸು ತಗೋ ಎಂದರು.

ನಾನು ತೆಗೆದುಕೊಂಡೆ. ಬೇಡ ಎನ್ನಬಹುದಿತ್ತು. ಹನ್ನೊಂದು ವರ್ಷ ಅವನಿಗೆ ವಾಕ್ಯ ಕಲಿಸಿದವನು ನಾನು; ಅವನು ಹಾಗೆ ಮಾಡುವವನಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ನನಗೂ ಅನುಮಾನ ಬಂದಿತ್ತು.

ಮರುದಿನ ಬಾಟಲಿ ಕೊಡುವಾಗ ಕೇಳಿಯೇಬಿಟ್ಟೆ, ನಿಜ ಹೇಳು, ಮುಟ್ಟಿದೆಯಾ ಎಂದು. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹಾಗೆ ನೋಡುತ್ತಲೇ ಹೇಳಿದ:

“ನೀನು ಕೇಳಿದ್ದು ಒಳ್ಳೇದಾಯ್ತು. ಕೇಳದೆ ಮನಸ್ಸಲ್ಲೇ ತೀರ್ಪು ಕೊಟ್ಟಿದ್ರೆ ಬೇಜಾರಾಗೋದು. ಇಲ್ಲ, ಮುಟ್ಟಿಲ್ಲ. ಒಂದೇ ಸಲ ಹೇಳ್ತೀನಿ, ಇನ್ನೊಂದು ಸಲ ಕೇಳಬೇಡ.”

ನಾನು ನಂಬಿದೆನೇ? ಅರ್ಧ. ಅರ್ಧ ನಂಬುವುದು ಎಂದರೆ ನಂಬದಿರುವುದು. ಇದು ನನಗೆ ಆಮೇಲೆ ಗೊತ್ತಾಯಿತು.

ಮನೆಯಲ್ಲೂ ಸುದ್ದಿ ಮುಟ್ಟಿತ್ತು. ಅತ್ತಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಕುಡಿಯುತ್ತಿದ್ದ ಕಾಲದಲ್ಲಿ ಅವರದೊಂದು ಪರೀಕ್ಷೆಯಿತ್ತು: ಸಂಜೆ ಮನೆಗೆ ಬಂದವನ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಿಕೊಡಿ ಎನ್ನುವುದು. ದಾರ ಸೂಜಿಯ ಕಣ್ಣಿಗೆ ಹೋದರೆ ಊಟ, ಹೋಗದಿದ್ದರೆ ಮೌನ. ಹನ್ನೊಂದು ವರ್ಷದ ನಂತರ ಆ ಶುಕ್ರವಾರ ಸಂಜೆ ಮತ್ತೆ ಸೂಜಿ ಹೊರಬಂತು. ನನ್ನ ಕಣ್ಣು ಸರಿಯಿಲ್ಲ, ಸ್ವಲ್ಪ ಪೋಣಿಸಿ ಎಂದರಂತೆ. ಅವನಿಗೆ ತಟ್ಟನೆ ಅರ್ಥವಾಯಿತು. ಅಷ್ಟರಲ್ಲಿ ಅವನಿಗೂ ಚಾಳೀಸು ಬಂದಿತ್ತು. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಕೂತು, ದಾರದ ತುದಿ ನೆಕ್ಕಿ ನೆಕ್ಕಿ, ನಾಲ್ಕನೆಯ ಸಲಕ್ಕೆ ಪೋಣಿಸಿ ಕೊಟ್ಟ. ಶನಿವಾರ ಮತ್ತೆ. ಭಾನುವಾರ ಮತ್ತೆ. ಇದನ್ನು ಅವನು ವರ್ಷಗಳ ನಂತರ ನಗುತ್ತ ಹೇಳಿದ: “ಆ ವಾರ ನಮ್ಮನೇಲಿ ಹೊಲಿಯೋಕೆ ಹರಿದ ಬಟ್ಟೆನೇ ಉಳೀಲಿಲ್ಲ. ಕೊನೆಗೆ ಚೆನ್ನಾಗಿರೋದನ್ನೇ ಹೊಲಿಯೋಕೆ ಕೂತ್ಳು.” ಅತ್ತಿಗೆ ಪಕ್ಕದಲ್ಲೇ ಇದ್ದರು. ಅವರು ನಗಲಿಲ್ಲ. “ಹೆದರಿಕೆ ಇತ್ತು” ಎಂದರು.

ಅವನು ಮಬ್ಬೆದ್ದ ಕೋಟ್‌ಗಳನ್ನು ಉಜ್ಜಿ ತೆಗೆದು, ಮತ್ತೆ ಹಾಕಿದ. ಅದೇ ಡಬ್ಬಿಯ ಸ್ಪಿರಿಟ್, ಮತ್ತೆ ಅದೇ ಮಬ್ಬು. ಬಾಟಲಿಯದನ್ನು ಕುಡಿದು ನೀರು ತುಂಬಿಸುತ್ತಿದ್ದಾನೆ ಎಂದರು ಉಳಿದವರು. ಊಟದ ಹೊತ್ತಿನಲ್ಲಿ ಅವನ ಪಕ್ಕದ ಜಾಗ ಖಾಲಿಯಾಗತೊಡಗಿತು. ಸಭೆಯಲ್ಲೂ ಕೆಲವರು ಕೈಕುಲುಕುವಾಗ ಸ್ವಲ್ಪ ಹತ್ತಿರ ಬಗ್ಗಿ ಉಸಿರೆಳೆದುಕೊಂಡರು. ಬಾಗಿಲ ಹಿಂದಿನ ಕೀರ್ತನೆಗಳ ಸದ್ದು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಬುಧವಾರ ಪೂರ್ತಿ ನಿಂತಿತು.

ಆ ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಅಂಗಳಕ್ಕೆ ಹೋಗಿದ್ದರು. ನಾನು ನನ್ನ ಮೇಜಿನಲ್ಲಿ ಒಂದು ಕಪಾಟಿನ ನಕ್ಷೆ ತಿದ್ದುತ್ತಿದ್ದೆ. ಮೇಸ್ತ್ರಿ ಒಳಗೆ ಬಂದ. ಕೈಯಲ್ಲಿ ತಗಡಿನ ಲೋಟ. ಕಂಠದವರೆಗೆ ತುಂಬಿದ್ದರಿಂದ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಅದನ್ನು ತಂದು ನನ್ನ ನಕ್ಷೆಯ ನಟ್ಟನಡುವೆ ಇಟ್ಟ. ಮುಖದ ಮೇಲೆ ಬೆವರು. ಅದರಿಂದ ಒಂದು ಗುಟುಕೂ ಹೋಗಿರಲಿಲ್ಲ ಎಂದು ಲೋಟ ನೋಡಿದರೇ ತಿಳಿಯುತ್ತಿತ್ತು.

“ಓದು” ಎಂದ.

ಏನನ್ನು ಎಂದು ಕೇಳಿದೆ.

“ಯಾವುದಾದ್ರೂ. ನಂಗೆ ಒಂದೂ ನೆನಪಾಗ್ತಿಲ್ಲ. ಬೆಳಿಗ್ಗೆಯಿಂದ ಹುಡುಕ್ತಿದೀನಿ, ಒಂದು ಸಾಲೂ ಬರ್ತಿಲ್ಲ. ಆ ಸೈತಾನ ಮಾತ್ರ ಮಾತಾಡ್ತಾನೇ ಇದಾನೆ. ಹೇಗೂ ಕುಡುಕ ಅಂತಾರೆ, ಬಂದ ಹೆಸರನ್ನ ಯಾಕೆ ದಂಡ ಮಾಡ್ತೀಯ ಅಂತಾನೆ. ನನ್ನ ಹತ್ರ ಉತ್ತರ ಇಲ್ಲ. ಓದು.”

ಹನ್ನೊಂದು ವರ್ಷ ಕಾಪಾಡಿದ್ದ ವಾಕ್ಯಗಳು ಬೇಕಾದ ದಿನವೇ ಅವನನ್ನು ಬಿಟ್ಟುಹೋಗಿದ್ದವು. ಇಂಥದು ಆಗುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ನನಗೂ ಏನೂ ನೆನಪಾಗಲಿಲ್ಲ. ಖಾನೆ ಎಳೆದು ಪುಸ್ತಕ ತೆಗೆದೆ. ಎಲ್ಲಿ ತೆರೆಯಿತೋ ಅಲ್ಲೇ ಓದತೊಡಗಿದೆ. ಅದು ಕೀರ್ತನೆಯಲ್ಲ, ವಾಗ್ದಾನವಲ್ಲ. ಸುವಾರ್ತೆಯಲ್ಲಿ ಬರುವ ಯೇಸುವಿನ ವಂಶಾವಳಿ, ಇಂಥವನು ಇಂಥವನ ಮಗ, ಇಂಥವನು ಇಂಥವನ ಮಗ ಎಂದು ಎಪ್ಪತ್ತಕ್ಕೂ ಹೆಚ್ಚು ಹೆಸರು. ಇದಲ್ಲ ಎಂದು ಪುಟ ತಿರುಗಿಸಲು ಹೋದೆ.

“ಅದನ್ನೇ ಓದು” ಎಂದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದ.

ಓದಿದೆ. ಬಾಯಿಗೆ ಬಾರದ ಹೆಸರುಗಳು, ಎಡವಿ ಎಡವಿ ಓದಿದೆ. ಲೋಟ ನಮ್ಮ ನಡುವೆ ಇತ್ತು. ಅದರ ವಾಸನೆ ನನಗೇ ತಲೆ ತಿರುಗಿಸುತ್ತಿತ್ತು. ಮಗ, ಮಗ, ಮಗ ಎಂದು ತಲೆಮಾರುಗಳು ಹಿಂದೆ ಹಿಂದೆ ಹೋದವು. ಅವನ ಉಸಿರು ನಿಧಾನವಾಗಿ ಒಂದು ಹದಕ್ಕೆ ಬಂತು. ಪಟ್ಟಿ ಮುಗಿಯಲು ಇನ್ನು ಹತ್ತು ಹೆಸರಿರುವಾಗ ನಾವೆ ಕಟ್ಟಿದವನ ಹೆಸರು ಬಂತು. ಮೇಸ್ತ್ರಿ ಕಣ್ಣು ತೆರೆದ.

“ತಡಿ. ಪ್ರಳಯ ಆದ್ಮೇಲೆ ದ್ರಾಕ್ಷಿತೋಟ ಹಾಕಿ, ಕುಡಿದು ಬಟ್ಟೆ ಮೇಲೆ ಜ್ಞಾನ ಇಲ್ದೆ ಬಿದ್ದಿದ್ನಲ್ಲ, ಅವನೇನಾ?”

ಅವನೇ ಎಂದೆ.

“ಅವನನ್ನ ಪಟ್ಟಿಯಿಂದ ತೆಗೆದಿಲ್ವಾ?”

“ತೆಗೆದಿಲ್ಲ.”

“ಹೂಂ. ಮುಂದೆ.”

ಪಟ್ಟಿ ಮುಗಿಯಿತು. ನಿಲ್ಲಿಸಲಿಲ್ಲ, ಅದರ ಕೆಳಗಿನದನ್ನೂ ಓದಿದೆ. ಆ ಸುವಾರ್ತೆಯಲ್ಲಿ ವಂಶಾವಳಿಯ ಬೆನ್ನಿಗೇ ಬರುವುದು ಅಡವಿ, ನಲವತ್ತು ದಿನ, ಹಸಿವು, ಮೂರು ಶೋಧನೆ. ಎಷ್ಟು ಸಲ ಓದಿದ್ದರೂ ಅವೆರಡು ಅಕ್ಕಪಕ್ಕದಲ್ಲಿರುವುದನ್ನು ನಾನು ಗಮನಿಸಿರಲಿಲ್ಲ. ಮೊದಲ ಶೋಧನೆಯ ಉತ್ತರ ಬಂದಾಗ ಅವನ ತುಟಿ ನನ್ನೊಂದಿಗೆ ಅಲ್ಲಾಡಿತು. ಎರಡನೆಯದನ್ನು ನನಗಿಂತ ಮೊದಲೇ ಹೇಳಿದ. ಮೂರನೆಯದನ್ನು ಜೋರಾಗಿ ಹೇಳಿದ.

ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಲೋಟ ಎತ್ತಿಕೊಂಡು, ಕೋಣೆಗೆ ಹೋಗಿ ಅದನ್ನು ಅರಗಿನ ಪಾತ್ರೆಗೆ ಸುರಿದ. ನನ್ನ ನಕ್ಷೆಯ ಮೇಲೆ ಲೋಟದ ತಳದ ಉಂಗುರ ಉಳಿಯಿತು. ಆ ನಕ್ಷೆಯನ್ನು ಮತ್ತೆ ಬರೆಯಬೇಕಾಯಿತು.

ಆ ಮಧ್ಯಾಹ್ನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕುಡಿದು ನೀರು ತುಂಬಿಸುವವನು ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಇನ್ನೊಬ್ಬನ ಮುಂದೆ ಇಡುತ್ತಾನೆಯೇ? ಹಾಗಾದರೆ ನೀರು ಎಲ್ಲಿಂದ ಬಂತು? ಅದನ್ನು ತಿಳಿಯುವ ದಾರಿ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಶುದ್ಧ ಸ್ಪಿರಿಟ್ ಒಂದು ಚಮಚ ತಟ್ಟೆಗೆ ಹಾಕಿ ಹೊತ್ತಿಸಿದರೆ ಉರಿದು ತಟ್ಟೆ ಒಣಗಿರುತ್ತದೆ. ನೀರು ಬೆರೆತಿದ್ದರೆ ನೀರು ಉಳಿಯುತ್ತದೆ. ಸೀಲು ಒಡೆಯದ ಹೊಸ ಡಬ್ಬಿ ಒಂದು ವಾರದಿಂದ ನನ್ನ ಕೀಲಿಯ ಹಿಂದೆಯೇ ಕೂತಿತ್ತು. ಯಾರೂ ಪರೀಕ್ಷೆ ಮಾಡಿರಲಿಲ್ಲ. ಮಾಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ನಮಗೆಲ್ಲ ಉತ್ತರ ಮೊದಲೇ ಗೊತ್ತಿತ್ತಲ್ಲ.

ಗುರುವಾರ ಬೆಳಿಗ್ಗೆ ಯಜಮಾನರನ್ನೂ ಹಿರಿಬಡಗಿಯನ್ನೂ ಕರೆದು, ಅವರ ಎದುರಿಗೇ ಹೊಸ ಡಬ್ಬಿಯ ಸೀಲು ಒಡೆದೆ. ಪಿಂಗಾಣಿ ತಟ್ಟೆಗೆ ಒಂದು ಚಮಚ ಹಾಕಿ ಕಡ್ಡಿ ಗೀರಿದೆ. ನೀಲಿ ಜ್ವಾಲೆ ಎದ್ದು, ಕುಗ್ಗಿ, ಆರಿತು. ತಟ್ಟೆಯ ತಳದಲ್ಲಿ ನೀರು ನಿಂತಿತ್ತು. ತಂದು ಮಾರುವವನೇ ಬೆರೆಸಿದ್ದ. ಹಿರಿಬಡಗಿ ತಟ್ಟೆಯನ್ನು ಓರೆ ಮಾಡಿ ನೀರು ಈ ಕಡೆಯಿಂದ ಆ ಕಡೆಗೆ ಹರಿಯುವುದನ್ನು ನೋಡಿ, “ಒಂದು ವಾರ ನಾಲಿಗೆ ಸುಮ್ನೆ ಸವೆಸಿದೆ” ಎಂದ.

ಕ್ಷಮೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಆದರೆ ಮಧ್ಯಾಹ್ನ ಅವನು ತನ್ನ ಉಳಿ ಸುತ್ತಿಗೆ ಎತ್ತಿಟ್ಟು, ಸ್ಯಾಂಡ್‌ಪೇಪರ್ ಹಿಡಿದು ಪಾಲಿಶ್ ಕೋಣೆಗೆ ಹೋದ. ಕೆಟ್ಟ ಕೋಟ್ ಉಜ್ಜಿ ತೆಗೆಯುವುದು ಹಿರಿಬಡಗಿಯ ಅಂತಸ್ತಿನವನು ಮುಟ್ಟುವ ಕೆಲಸವಲ್ಲ. ಎರಡು ದಿನ ಕೂತು ಮೂರು ಮೇಜುಗಳನ್ನೂ ಉಜ್ಜಿದ. “ನೀನು ನಿನ್ನ ಕೀರ್ತನೆ ಹೇಳ್ಕೊಳಪ್ಪ. ಮೆತ್ತಗೆ ಹೇಳು, ನಿನ್ನ ರಾಗಕ್ಕೆ ಮರ ಬಿರುಕು ಬಿಟ್ಟೀತು” ಎನ್ನುವುದು ಹೊರಗೆ ಕೇಳಿಸಿತು. ಮೇಸ್ತ್ರಿ ಜೋರಾಗಿಯೇ ಹೇಳಿದ.

ನಾನು ಅವನನ್ನು ಕೇಳಿದೆ, ತಟ್ಟೆಯ ಪರೀಕ್ಷೆ ನಿನಗೂ ಗೊತ್ತಿತ್ತಲ್ಲ, ಏಕೆ ಮಾಡಲಿಲ್ಲ ಎಂದು. ಮೊದಲ ದಿನವೇ ಮಾಡಿದ್ದನಂತೆ, ಒಡೆದ ಡಬ್ಬಿಯದನ್ನು ತೆಗೆದು. ನೀರು ಇತ್ತು. ಆದರೆ ಅದನ್ನು ತೋರಿಸಿದ್ದರೆ ನೀರು ಹಾಕಿದವನು ತಾನೇ ಎಂದು ಇನ್ನೂ ಗಟ್ಟಿಯಾಗುತ್ತಿತ್ತು. ಸೀಲಿದ್ದ ಡಬ್ಬಿ ಅವನ ಕೈಗೆ ಸಿಗುತ್ತಿರಲಿಲ್ಲ. ಅದು ನನ್ನ ಹತ್ತಿರ ಇತ್ತು. ನಾನು ತಪ್ಪಾಯಿತು ಎಂದೆ. ನನ್ನ ಹೆಗಲಿಗೆ ಒಂದು ಗುದ್ದು ಕೊಟ್ಟ, ಸ್ವಲ್ಪ ಜೋರಾಗಿಯೇ. ಮೂರು ದಿನ ನೋಯುತ್ತಿತ್ತು.

ಸೋಮವಾರ ಯಜಮಾನರು ನಮ್ಮಿಬ್ಬರನ್ನೂ ಕರೆದು, ಕೀಲಿಯನ್ನು ಮೇಸ್ತ್ರಿಗೆ ವಾಪಸು ಕೊಡುವಂತೆ ನನಗೆ ಹೇಳಿದರು. ನಾನು ಚಾಚಿದೆ. ಅವನು ಕೈ ನೀಡಲಿಲ್ಲ.

“ಅದು ಅವನ ಹತ್ರನೇ ಇರ್ಲಿ, ಯಜಮಾನ್ರೇ.”

ನಿನ್ನ ಮೇಲೆ ನನಗೆ ಈಗ ಅನುಮಾನವಿಲ್ಲ ಎಂದರು ಯಜಮಾನರು.

“ನಿಮಗಿಲ್ಲ. ನನಗಿದೆ. ಬುಧವಾರ ನಂಗೆ ಒಂದು ವಾಕ್ಯಾನೂ ನೆನಪಾಗಲಿಲ್ಲ. ಇವನು ಊಟಕ್ಕೆ ಹೋಗಿದ್ರೆ ಇವತ್ತು ನಾನು ನಿಮ್ಮ ಮುಂದೆ ನಿಂತಿರ್ತಿರಲಿಲ್ಲ. ದಿನಾ ಅಳೆದು ಕೊಡ್ಲಿ, ದಿನಾ ಅಳೆದು ತಗೊಳ್ಲಿ. ನಂಗೇನೂ ಅವಮಾನ ಇಲ್ಲ.”

ಅವಮಾನ ಇರಲಿಲ್ಲ ಎಂಬುದು ಸುಳ್ಳು. ಅವನ ಕಿವಿ ಕೆಂಪಾಗಿತ್ತು. ಆದರೂ ಅವನೇ ಕೇಳಿಕೊಂಡ. ಮುಂದಿನ ಹದಿನೈದು ವರ್ಷ, ಅವನು ಕೆಲಸ ಬಿಡುವವರೆಗೂ, ಬೆಳಿಗ್ಗೆ ನಾನು ಬಾಟಲಿ ತುಂಬಿಸಿ ಕೊಟ್ಟೆ, ಸಂಜೆ ಅವನು ಉಳಿದದ್ದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಕೆಲವು ಸಂಜೆ ಮಾತಾಡದೆ ಇಟ್ಟು ಹೋಗುತ್ತಿದ್ದ. ಕೆಲವು ಸಂಜೆ ಕೂತು, ಇವತ್ತು ಕಷ್ಟ ಇತ್ತು ಎನ್ನುತ್ತಿದ್ದ. ಆಗ ನಾನು ಓದುತ್ತಿದ್ದೆ. ಗ್ರಂಥಾಲಯದ ಆ ಆರು ಮೇಜುಗಳು ಈಗಲೂ ಅಲ್ಲಿವೆ. ಅವುಗಳ ಮೇಲೆ ಓದುವವರ ಮುಖ ಕಾಣುತ್ತದೆ.

ಕಳೆದ ವರ್ಷ ಅವನಿಗೆ ಎದೆಯ ಕಾಯಿಲೆ ಕಾಣಿಸಿತು. ಕೊನೆಯ ತಿಂಗಳು ಆಸ್ಪತ್ರೆಯಲ್ಲೇ. ತೀರಿಕೊಳ್ಳುವ ನಾಲ್ಕು ದಿನ ಮುಂಚೆ ನಾನು ಹೋದಾಗ ಕೆಮ್ಮು ವಿಪರೀತವಾಗಿತ್ತು. ನರ್ಸ್ ಹುಡುಗಿಯೊಬ್ಬಳು ಒಂದು ಕೆಮ್ಮಿನ ಔಷಧಿ ತಂದು, ಹೊತ್ತಿಗೆರಡು ಚಮಚ ಎಂದು ಹೇಳಿ ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಬಾಟಲಿ ಇಟ್ಟಳು. ಅವನು ಮುಚ್ಚಳ ತೆಗೆಸಿ ಮೂಸಿದ. ಇದರಲ್ಲಿ ಏನಿದೆ ಎಂದು ಕೇಳಿದ. ಆ ಹುಡುಗಿ ಚೀಟಿ ಓದಿ, ಸ್ವಲ್ಪ ಆಲ್ಕೋಹಾಲ್ ಇದೆ ಅಜ್ಜ, ಕೆಲವು ಸಿರಪ್‌ನಲ್ಲಿ ಇರುತ್ತೆ ಎಂದಳು.

“ಹಾಗಿದ್ರೆ ಇಲ್ಲಿ ಬೇಡಮ್ಮ. ನಿನ್ನ ಮೇಜಿನ ಮೇಲಿಟ್ಕೋ. ಹೊತ್ತಾದಾಗ ನೀನೇ ಬಂದು ಚಮಚದಲ್ಲಿ ಕೊಡು.”

ಅವಳು ನಕ್ಕಳು. “ನಾನು ಮಹಡಿ ಹತ್ತಿ ಬರ್ಬೇಕಲ್ಲ ಅಜ್ಜ. ಇನ್ನೊಂದೆರಡು ಚಮಚ ಜಾಸ್ತಿ ಆದ್ರೂ ಏನೂ ಆಗಲ್ಲ.”

“ನಿಂಗೆ ಏನೂ ಆಗಲ್ಲ ಮಗಳೇ” ಎಂದ ಅವನು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ, ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಕೈ ಬಾಟಲಿಯ ಕಡೆ ಚಾಚಿತ್ತು, ತೆಗೆದುಕೊಂಡು ಹೋಗು ಎಂಬಂತೆ. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಾಟಲಿ ಎತ್ತಿಕೊಂಡು ಕೆಳಗೆ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಪೂರ್ತಿ ನಿಲ್ಲುವವರೆಗೆ ಅವನು ಕಿವಿಗೊಟ್ಟು ಕೇಳಿದ. ಆಮೇಲೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದ.